ಕಂಸದೊಳಗಿನ ಪ್ರಜೆಗಳು: ಬೋಸ್ನಿಯಾ ಸಂವಿಧಾನದಲ್ಲಿ ಸಮಾನತೆಯ ಲೆಕ್ಕ

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ತುಲನಾತ್ಮಕ ಸಂವಿಧಾನಗಳ ಸೆಮಿನಾರಿಗೆ ಬೋಸ್ನಿಯಾ-ಹರ್ಜೆಗೋವಿನಾವನ್ನು ಆರಿಸಿಕೊಂಡಿದ್ದೇನೆ. ಆ ದೇಶದ ಸಂವಿಧಾನ ಎಲ್ಲ ಬಗೆಯ ತಾರತಮ್ಯವನ್ನು ನಿಷೇಧಿಸುತ್ತದೆ, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯನ್ನು ಉಳಿದ ಕಾನೂನುಗಳಿಗಿಂತ ಮೇಲೆ ಇಡುತ್ತದೆ. ಅದೇ ಸಂವಿಧಾನದ ಪ್ರಕಾರ ಒಬ್ಬ ಯೆಹೂದಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವಂತಿಲ್ಲ. ಇದು ಹೇಗೆ ಸಾಧ್ಯ? ಇದು ಕಮ್ಯುನಿಸ್ಟ್ ಕಾಲದಿಂದ ಬಂದ ಬಳುವಳಿಯೇ? ನಮ್ಮ ಮೀಸಲು ಕ್ಷೇತ್ರಗಳಿಗಿಂತ ಇದು ಹೇಗೆ ಭಿನ್ನ?

ಉತ್ತರ: ಒಂದು ಪತ್ರದಿಂದ ಆರಂಭಿಸುತ್ತೇನೆ. ಸರಾಯೆವೊ ನಗರದ ಯಾಕೊಬ್ ಫಿಂತ್ಸಿ ಅವರು ತಾವು ಅಧ್ಯಕ್ಷ ಮಂಡಳಿಗೆ ಸ್ಪರ್ಧಿಸಬಹುದೇ ಎಂದು ಕೇಳಿದ್ದಕ್ಕೆ ಅಲ್ಲಿನ ಕೇಂದ್ರ ಚುನಾವಣಾ ಆಯೋಗವು 2007ರ ಜನವರಿ 3ರಂದು ಲಿಖಿತ ಉತ್ತರ ಕೊಟ್ಟಿತು. ಯೆಹೂದಿ ಮೂಲದವರಾದ್ದರಿಂದ ಅಧ್ಯಕ್ಷ ಮಂಡಳಿಗಾಗಲಿ ಸಂಸತ್ತಿನ ಜನಾಂಗಗಳ ಸದನಕ್ಕಾಗಲಿ ಅವರು ಅರ್ಹರಲ್ಲ ಎಂಬುದು ಆ ಉತ್ತರದ ಸಾರ. ಇಪ್ಪತ್ತೊಂದನೆಯ ಶತಮಾನದ ಯುರೋಪಿನಲ್ಲಿ ಒಂದು ಸರಕಾರಿ ಕಚೇರಿ ಮೊಹರು ಒತ್ತಿ ಹೀಗೆ ಬರೆದುಕೊಟ್ಟಿತೆಂದರೆ ಮೊದಲ ಸಲ ಓದುವವರಿಗೆ ನಂಬಿಕೆ ಬಾರದು. ಆದರೆ ಕಚೇರಿಯದು ತಪ್ಪಲ್ಲ. ಅದು ಸಂವಿಧಾನದಲ್ಲಿ ಇದ್ದದ್ದನ್ನೇ ಹೇಳಿತು. ಇದೇ ಫಿಂತ್ಸಿ ಅವರು ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಆ ದೇಶದ ರಾಯಭಾರಿಯಾದರು. ಅಂದರೆ ಹೊರದೇಶದಲ್ಲಿ ಬೋಸ್ನಿಯಾದ ಪರವಾಗಿ ಮಾತನಾಡುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ, ಮನೆಯ ಮುಂದಿನ ಮತಗಟ್ಟೆಯಲ್ಲಿ ಅಭ್ಯರ್ಥಿಯಾಗುವುದಕ್ಕೆ ಇತ್ತು.

ಸಂವಿಧಾನದ ಪೀಠಿಕೆಯ ಕೊನೆಯ ಸಾಲನ್ನು ನೀವು ನಿಧಾನವಾಗಿ ಓದಬೇಕು. ಬೋಸ್ನಿಯಾಕರು, ಕ್ರೊಯೇಟರು ಮತ್ತು ಸರ್ಬರು ಸಂಸ್ಥಾಪಕ ಜನಾಂಗಗಳಾಗಿ, ಕಂಸದೊಳಗೆ ‘ಇತರರ ಜೊತೆಗೂಡಿ’, ಮತ್ತು ದೇಶದ ಪ್ರಜೆಗಳು, ಈ ಸಂವಿಧಾನವನ್ನು ನಿರ್ಧರಿಸುತ್ತಾರೆ ಎಂದು ಅಲ್ಲಿದೆ. ಕಂಸ ನಾನು ಹಾಕಿದ್ದಲ್ಲ, ಮೂಲದಲ್ಲೇ ಇದೆ. ಮೂರು ಜನಾಂಗಗಳಿಗೆ ಹೆಸರಿದೆ; ಬೋಸ್ನಿಯಾಕರೆಂದರೆ ಬೋಸ್ನಿಯಾದ ಮುಸ್ಲಿಮರು. ರೋಮಾ (ಹಿಂದೆ ಜಿಪ್ಸಿ ಎನ್ನುತ್ತಿದ್ದ ಸಮುದಾಯ), ಯೆಹೂದಿ ಮುಂತಾದ ಅಲ್ಪಸಂಖ್ಯಾತರು, ಮಿಶ್ರ ವಿವಾಹಗಳಿಂದ ಹುಟ್ಟಿ ಯಾವ ಒಂದು ಕಡೆಗೂ ಸೇರಲೊಪ್ಪದವರು, ‘ನಾನು ಬರೀ ಬೋಸ್ನಿಯಾದ ಪ್ರಜೆ’ ಎನ್ನುವವರು, ಇವರೆಲ್ಲ ಸೇರಿ ಕಂಸದೊಳಗಿನ ಒಂದು ಪದ. ಅಲ್ಲಿನ ಭಾಷೆಯಲ್ಲಿ ‘ಓಸ್ತಾಲಿ’, ಎಂದರೆ ಉಳಿದವರು.

ಈ ಸಂವಿಧಾನ ಹುಟ್ಟಿದ್ದು ಸಂವಿಧಾನ ಸಭೆಯಲ್ಲಲ್ಲ. ಸುಮಾರು ಒಂದು ಲಕ್ಷ ಜನರ ಸಾವಿಗೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರು ಮನೆ ಬಿಡುವುದಕ್ಕೂ ಕಾರಣವಾದ ಯುದ್ಧವನ್ನು ನಿಲ್ಲಿಸಲು ಅಮೆರಿಕದ ಡೇಟನ್ ನಗರದ ವಾಯುನೆಲೆಯೊಂದರಲ್ಲಿ 1995ರ ನವೆಂಬರ್‌ನಲ್ಲಿ ಒಪ್ಪಂದವಾಗಿ, ಡಿಸೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಅದಕ್ಕೆ ಸಹಿ ಬಿತ್ತು. ಆ ಒಪ್ಪಂದದ ನಾಲ್ಕನೆಯ ಅನುಬಂಧವೇ ದೇಶದ ಸಂವಿಧಾನ. ಇಂಗ್ಲಿಷಿನಲ್ಲಿ ಬರೆಯಲಾಯಿತು, ಜನಮತಕ್ಕೆ ಹಾಕಲಿಲ್ಲ. ಅದರಂತೆ ದೇಶದಲ್ಲಿ ಎರಡು ಘಟಕಗಳಿವೆ: ಬೋಸ್ನಿಯಾಕರೂ ಕ್ರೊಯೇಟರೂ ಹೆಚ್ಚಾಗಿರುವ, ಸ್ವಂತ ಸರಕಾರವಿರುವ ಹತ್ತು ಕ್ಯಾಂಟನ್‌ಗಳುಳ್ಳ (ಪ್ರಾಂತ್ಯಗಳುಳ್ಳ) ಫೆಡರೇಷನ್ ಒಂದು, ಸರ್ಬರು ಹೆಚ್ಚಾಗಿರುವ ರೆಪುಬ್ಲಿಕಾ ಸ್ರ್ಪ್‌ಸ್ಕಾ ಇನ್ನೊಂದು. ಮುಂದೆ ಬ್ರ್ಚ್ಕೊ ಜಿಲ್ಲೆ ಬೇರೆಯಾಗಿ ಸೇರಿಕೊಂಡಿತು. ಕೇಂದ್ರವನ್ನೂ ಕೂಡಿಸಿದರೆ ಮೂವತ್ತೈದು ಲಕ್ಷ ಜನಕ್ಕೆ ಹದಿನಾಲ್ಕು ಸರಕಾರ. ಅಧ್ಯಕ್ಷ ಮಂಡಳಿಯಲ್ಲಿ ಮೂವರು: ಫೆಡರೇಷನ್‌ನಿಂದ ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ರೆಪುಬ್ಲಿಕಾ ಸ್ರ್ಪ್‌ಸ್ಕಾದಿಂದ ಒಬ್ಬ ಸರ್ಬ್. ಜನಾಂಗಗಳ ಸದನದಲ್ಲಿ ಹದಿನೈದು ಮಂದಿ, ತಲಾ ಐದು. ಹದಿನಾರನೆಯ ಕುರ್ಚಿ ಇಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದರ ಉತ್ತರ ತಿಳಿಯದೆ ಮೊದಲನೆಯದು ಬಿಡಿಸಿಕೊಳ್ಳುವುದಿಲ್ಲ. ಬೋಸ್ನಿಯಾ ಆಗ ಸೇರಿದ್ದ ಕಮ್ಯುನಿಸ್ಟ್ ಯುಗೋಸ್ಲಾವಿಯಾದಲ್ಲೂ ಜನಾಂಗಗಳ ನಡುವೆ ಹುದ್ದೆ ಹಂಚುವ ಪದ್ಧತಿ ಇತ್ತು. ಅದನ್ನು ‘ಕ್ಲ್ಯುಚ್’, ಅಂದರೆ ಬೀಗದ ಕೈ, ಎಂದು ಕರೆಯುತ್ತಿದ್ದರು. ಕಾರ್ಖಾನೆಯ ನಿರ್ದೇಶಕ ಸರ್ಬನಾದರೆ ಪಕ್ಷದ ಕಾರ್ಯದರ್ಶಿ ಮುಸ್ಲಿಮನೋ ಕ್ರೊಯೇಟನೋ ಆಗಬೇಕೆಂಬ ಬಗೆಯ ಲೆಕ್ಕ ಅದು. 1943ರ ನವೆಂಬರ್ 25ರಂದು ಯುದ್ಧದ ನಡುವೆಯೇ ಸೇರಿದ ಬೋಸ್ನಿಯಾದ ವಿಮೋಚನಾ ಮಂಡಳಿ ಈ ನಾಡು ಸರ್ಬರದ್ದೂ ಅಲ್ಲ, ಕ್ರೊಯೇಟರದ್ದೂ ಅಲ್ಲ, ಮುಸ್ಲಿಮರದ್ದೂ ಅಲ್ಲ, ಆದರೆ ಮೂವರದ್ದೂ ಹೌದು ಎಂದು ಸಾರಿತ್ತು. ಆದ್ದರಿಂದ ಗುಂಪಿಗೆ ಗುಂಪು ಸಮ ಎಂಬ ಭಾಷೆ ಹಳೆಯದು, ಡೇಟನ್ ಅದನ್ನು ಹೊಸದಾಗಿ ಹುಟ್ಟಿಸಲಿಲ್ಲ. ಇಷ್ಟು ಮಟ್ಟಿಗೆ ಬಳುವಳಿ ಎಂಬ ನಿಮ್ಮ ಮಾತು ಸರಿ.

ಆದರೆ ಹಳೆಯ ವ್ಯವಸ್ಥೆಯಲ್ಲಿ ಬೀಗದ ಕೈ ಹಿಡಿದ ಕೈ ಒಂದೇ ಇತ್ತು, ಅದು ಪಕ್ಷ. ಯಾವ ಜನಾಂಗದವನು ಯಾವ ಕುರ್ಚಿಯಲ್ಲಿ ಕೂತರೂ ನಿರ್ಧಾರ ಬೇರೆಡೆ ಆಗುತ್ತಿದ್ದುದರಿಂದ ಹಂಚಿಕೆಗೆ ಅಷ್ಟೊಂದು ಹರಿತ ಇರಲಿಲ್ಲ. ಅಂದಿನದು ಬಾಯಿ ಮುಚ್ಚಿಕೊಂಡವರ ಸಮಾನತೆ ಎಂಬುದನ್ನು ಮರೆಯಬಾರದು; ಮುಂದೆ ದೇಶದ ಮೊದಲ ಅಧ್ಯಕ್ಷರಾದ ಅಲಿಯಾ ಇಜೆತ್ಬೆಗೊವಿಚ್ ಅವರಿಗೆ 1983ರಲ್ಲಿ ಬರಹ-ಮಾತುಗಳ ಕಾರಣಕ್ಕೆ ಹದಿನಾಲ್ಕು ವರ್ಷಗಳ ಸಜೆ ವಿಧಿಸಲಾಗಿತ್ತು. ಪಕ್ಷ ಕುಸಿದಾಗ ಹಂಚಿಕೆ ಉಳಿಯಿತು, ಹಂಚುವವನು ಹೋದ. 1990ರಲ್ಲಿ ಜನಾಂಗದ ಆಧಾರದ ಮೇಲೆ ಪಕ್ಷ ಕಟ್ಟುವುದನ್ನು ಬೋಸ್ನಿಯಾದ ಶಾಸನಸಭೆ ನಿಷೇಧಿಸಿತು, ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ತೆಗೆದುಹಾಕಿತು, ನವೆಂಬರ್‌ನಲ್ಲಿ ನಡೆದ ಮೊದಲ ಮುಕ್ತ ಚುನಾವಣೆಯಲ್ಲಿ ಮೂರು ಜನಾಂಗೀಯ ಪಕ್ಷಗಳೇ ಗೆದ್ದುಕೊಂಡವು.

ಆ ಚುನಾವಣೆಯ ಒಂದು ಸಣ್ಣ ಸಂಗತಿಯನ್ನು ನಿಮ್ಮ ಪ್ರಬಂಧದಲ್ಲಿ ತಪ್ಪದೆ ಸೇರಿಸಿಕೊಳ್ಳಿ. 1990ರ ಅಧ್ಯಕ್ಷ ಮಂಡಳಿಯಲ್ಲಿ ಏಳು ಸ್ಥಾನಗಳಿದ್ದವು: ಮೂರು ಜನಾಂಗಗಳಿಗೆ ತಲಾ ಎರಡು, ಮೂರರಲ್ಲೂ ಸೇರದವರಿಗೆ ಒಂದು. ಆ ಏಳನೆಯ ಸ್ಥಾನಕ್ಕೆ ತನ್ನನ್ನು ‘ಯುಗೋಸ್ಲಾವ್’ ಎಂದು ಘೋಷಿಸಿಕೊಂಡು ಆರಿಸಿಬಂದವರು ಇಜೆತ್ಬೆಗೊವಿಚ್ ಅವರ ಮುಸ್ಲಿಂ ಪಕ್ಷದವರೇ ಆದ ಎಯುಪ್ ಗಾನಿಚ್. ಖಾಲಿ ಕುರ್ಚಿ ಕಂಡರೆ ಪಕ್ಷಗಳು ಏನು ಮಾಡುತ್ತವೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನವೇ, ಅದಿರಲಿ. ಮುಖ್ಯವಾದದ್ದು ಇದು: ಹಳೆಯ ವ್ಯವಸ್ಥೆಯ ಕೊನೆಯ ದಿನಗಳಲ್ಲಿ ‘ಉಳಿದವರಿಗೆ’ ಇದ್ದ ಕುರ್ಚಿಯನ್ನು ಹೊಸ ಪ್ರಜಾಪ್ರಭುತ್ವದ ಸಂವಿಧಾನ ತೆಗೆದುಹಾಕಿತು. 1991ರ ಜನಗಣತಿಯಲ್ಲಿ ಬೋಸ್ನಿಯಾದ ಶೇ. 5.5ರಷ್ಟು ಜನ ತಮ್ಮನ್ನು ಯುಗೋಸ್ಲಾವರೆಂದು ಬರೆಸಿಕೊಂಡಿದ್ದರು. ದೇಶ ಒಡೆದಾಗ ಆ ಹೆಸರು ಹೋಯಿತು, ಡೇಟನ್ ಬಂದಾಗ ಕುರ್ಚಿಯೂ ಹೋಯಿತು. ಕಮ್ಯುನಿಸಂ ಹೋದ ಮೇಲೆ ಕಾನೂನಿನ ಸಮಾನತೆ ಎಲ್ಲರಿಗೂ ಹಿಗ್ಗಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಬೋಸ್ನಿಯಾದಲ್ಲಿ ಈ ಒಂದು ವಿಷಯದಲ್ಲಿ ಅದು ಕುಗ್ಗಿತು ಎಂಬುದು ನನ್ನ ಅಭಿಪ್ರಾಯ.

ಒಂದೇ ಸಂವಿಧಾನ ಎರಡು ಮಾತು ಹೇಗೆ ಆಡುತ್ತದೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎರಡನೆಯ ವಿಧಿ ವ್ಯಕ್ತಿಗಳ ಸಮಾನತೆಯನ್ನು ಹೇಳುತ್ತದೆ, ಸಂಸತ್ತು ಮತ್ತು ಅಧ್ಯಕ್ಷ ಮಂಡಳಿಯ ನಾಲ್ಕು ಮತ್ತು ಐದನೆಯ ವಿಧಿಗಳು ಜನಾಂಗಗಳ ಸಮಾನತೆಯನ್ನು ಹೇಳುತ್ತವೆ, ಎರಡೂ ಒಂದೇ ಪುಸ್ತಕದಲ್ಲಿ ಮುಖ ಕೊಡದೆ ಕುಳಿತಿವೆ. ಒಪ್ಪಂದ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದೇನೂ ಅಲ್ಲ. ಮೂರೂ ಕಡೆಯವರು ಬಂದೂಕು ಕೆಳಗಿಡಬೇಕಾದರೆ ಮೂವರಿಗೂ ವೀಟೊ ಬೇಕಿತ್ತು. ಮೇಜಿನ ಸುತ್ತ ಕೂತವರಲ್ಲಿ ‘ಇತರರು’ ಇರಲಿಲ್ಲ, ಅವರ ಬಳಿ ಸೈನ್ಯವೂ ಇರಲಿಲ್ಲ.

ಫಿಂತ್ಸಿ ಮತ್ತು ರೋಮಾ ಸಮುದಾಯದ ದೆರ್ವೊ ಸೇಯ್ದಿಚ್ ಅವರು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2009ರ ಡಿಸೆಂಬರ್ 22ರಂದು ಮಹಾಪೀಠ ತೀರ್ಪು ಕೊಟ್ಟಿತು: ಜನಾಂಗಗಳ ಸದನದ ವಿಷಯದಲ್ಲಿ 14ಕ್ಕೆ 3, ಅಧ್ಯಕ್ಷ ಮಂಡಳಿಯ ವಿಷಯದಲ್ಲಿ 16ಕ್ಕೆ 1 ಮತಗಳಿಂದ ತಾರತಮ್ಯ ಸಾಬೀತಾಗಿದೆ ಎಂದಿತು. ಮಾನವ ಹಕ್ಕುಗಳ ಒಡಂಬಡಿಕೆಗೆ ಸೇರಿಸಿದ, ಸಾರ್ವತ್ರಿಕ ತಾರತಮ್ಯ ನಿಷೇಧದ ಹನ್ನೆರಡನೆಯ ಪ್ರೋಟೊಕಾಲ್ ಉಲ್ಲಂಘನೆಯಾಗಿದೆ ಎಂದು ಆ ನ್ಯಾಯಾಲಯ ಹೇಳಿದ್ದು ಅದೇ ಮೊದಲು. ಎರಡೂ ಸಲ ಭಿನ್ನಮತ ದಾಖಲಿಸಿದ ಮಾಲ್ಟಾದ ನ್ಯಾಯಾಧೀಶ ಬೊನೆಲ್ಲೊ ಅವರು, ಯುದ್ಧ ನಿಲ್ಲಿಸಿದ ಸಮತೋಲವನ್ನು ದೂರದಲ್ಲಿ ಕುಳಿತ ನ್ಯಾಯಾಲಯ ಕದಲಿಸಬಾರದು ಎಂದು ವಾದಿಸಿದರು. ನನಗೆ ಅವರ ವಾದ ಒಪ್ಪಿಗೆಯಿಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ; ಸೆಮಿನಾರಿನಲ್ಲಿ ಬಹುಮತದ ತೀರ್ಪಿನಷ್ಟೇ ಜಾಗವನ್ನು ಅದಕ್ಕೂ ಕೊಡಿ.

ಇದು ಬರೀ ಯೆಹೂದಿ, ರೋಮಾಗಳ ಸಮಸ್ಯೆ ಎಂದುಕೊಂಡರೆ ಅರ್ಧ ಮಾತ್ರ ಕಂಡಂತೆ. ಸ್ರೆಬ್ರೆನಿತ್ಸಾದ ವೈದ್ಯ ಇಲಿಯಾಜ್ ಪಿಲಾವ್ ಬೋಸ್ನಿಯಾಕರು, ಸಂಸ್ಥಾಪಕ ಜನಾಂಗದವರೇ. ಆದರೆ ಅವರ ಊರು ರೆಪುಬ್ಲಿಕಾ ಸ್ರ್ಪ್‌ಸ್ಕಾದಲ್ಲಿದೆ, ಬೋಸ್ನಿಯಾಕ್ ಸದಸ್ಯ ಬರಬೇಕಾದದ್ದು ಫೆಡರೇಷನ್‌ನಿಂದ. ಆದ್ದರಿಂದ ಅವರ ಉಮೇದುವಾರಿಕೆ ತಿರಸ್ಕೃತವಾಯಿತು. ಸರಾಯೆವೊದಲ್ಲಿರುವ ಸರ್ಬ್ ಸ್ವೆತೊಜಾರ್ ಪುದಾರಿಚ್ ಅವರದು ಇದರ ತಿರುಗುಮುರುಗು: ಜನಾಂಗ ಸರಿ, ಮನೆ ತಪ್ಪು ಕಡೆ. ನಾನು ಯಾವ ಜನಾಂಗವನ್ನೂ ಘೋಷಿಸಿಕೊಳ್ಳುವುದಿಲ್ಲ, ಪ್ರಜೆ ಮಾತ್ರ ಎಂದವರು ಅಜ್ರಾ ಜೋರ್ನಿಚ್. 2014, 2016 ಮತ್ತು 2020ರಲ್ಲಿ ಕ್ರಮವಾಗಿ ಜೋರ್ನಿಚ್, ಪಿಲಾವ್, ಪುದಾರಿಚ್ ಮೂವರೂ ಸ್ಟ್ರಾಸ್‌ಬರ್ಗಿನಲ್ಲಿ ಗೆದ್ದರು. ಒಕ್ಕೂಟ ವ್ಯವಸ್ಥೆಯನ್ನೇ ಇದಕ್ಕೆ ದೂರುವವರಿದ್ದಾರೆ. ನನ್ನ ಎಣಿಕೆಯಲ್ಲಿ ಒಕ್ಕೂಟ ತೊಂದರೆಯಲ್ಲ. ಜನಾಂಗಕ್ಕೆ ನೆಲವನ್ನೂ ನೆಲಕ್ಕೆ ವೀಟೊವನ್ನೂ ಗಂಟು ಹಾಕಿದ್ದು ತೊಂದರೆ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2000ದಲ್ಲೇ ಈ ಗಂಟನ್ನು ಸಡಿಲಿಸಲು ಯತ್ನಿಸಿ, ಮೂರೂ ಜನಾಂಗಗಳು ದೇಶದ ಉದ್ದಗಲಕ್ಕೂ, ಎರಡೂ ಘಟಕಗಳಲ್ಲೂ ಸಂಸ್ಥಾಪಕರು ಎಂದು ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರ ಬಹುಮತ. ಆ ಐವರಲ್ಲಿ ಇಬ್ಬರು ಬೋಸ್ನಿಯಾಕರು, ಮೂವರು ವಿದೇಶಿಯರು. ಸರ್ಬ್ ಮತ್ತು ಕ್ರೊಯೇಟ್ ನ್ಯಾಯಾಧೀಶರು ನಾಲ್ವರೂ ವಿರುದ್ಧ.

ಜನಾಂಗವನ್ನು ಯಾರು ನಿರ್ಧರಿಸುತ್ತಾರೆ ಎಂದು ನಿಮ್ಮ ಸಹಪಾಠಿಗಳು ಕೇಳಿಯೇ ಕೇಳುತ್ತಾರೆ. ಯಾರೂ ಅಲ್ಲ, ಅಭ್ಯರ್ಥಿಯೇ. ನಮ್ಮಲ್ಲಿನ ಹಾಗೆ ತಹಶೀಲ್ದಾರರ ಪ್ರಮಾಣಪತ್ರ ಅಲ್ಲಿಲ್ಲ. ಸ್ವಂತ ಘೋಷಣೆ ಸಾಕು. ಹಾಗಾದರೆ ಫಿಂತ್ಸಿ ‘ನಾನು ಬೋಸ್ನಿಯಾಕ್’ ಎಂದು ಬರೆದಿದ್ದರೆ ಸ್ಪರ್ಧಿಸಬಹುದಿತ್ತು. ಪ್ರಾಮಾಣಿಕನನ್ನು ಹೊರಗಿಟ್ಟು, ಸುಳ್ಳು ಬರೆಯಲು ಒಪ್ಪಿದವನನ್ನು ಒಳಗೆ ಬಿಡುವ ಕಾನೂನು ಅದು.

ಇನ್ನು ಮೀಸಲು ಕ್ಷೇತ್ರಗಳ ಹೋಲಿಕೆ. ನಮ್ಮ 330 ಮತ್ತು 332ನೆಯ ವಿಧಿಗಳ ಪ್ರಕಾರ ಕೆಲವು ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಮಾತ್ರ ಸ್ಪರ್ಧಿಸಬಹುದು, ಮತ ಹಾಕುವವರು ಮಾತ್ರ ಎಲ್ಲರೂ. 1932ರ ಪೂನಾ ಒಪ್ಪಂದದಿಂದ ಬಂದ ಜಂಟಿ ಮತದಾರ ಪದ್ಧತಿ ಇದು. ಹಿಂದಕ್ಕೆ ತಳ್ಳಲ್ಪಟ್ಟವರನ್ನು ಒಳಗೆ ತರಲು ಕೆಲವು ಬಾಗಿಲುಗಳನ್ನು ಅವರಿಗಾಗಿ ತೆಗೆದಿಟ್ಟಿದೆ, ರಾಷ್ಟ್ರಪತಿ ಪದವಿಯೂ ಸೇರಿ ಉಳಿದ ಬಾಗಿಲುಗಳು ಎಲ್ಲರಿಗೂ ತೆರೆದಿವೆ. ಬೋಸ್ನಿಯಾದಲ್ಲಿ ಅತ್ಯುನ್ನತ ಸ್ಥಾನಗಳಷ್ಟೂ ಮೀಸಲು, ಅದೂ ದೇಶದ ಅತಿ ಬಲಿಷ್ಠ ಮೂರು ಗುಂಪುಗಳಿಗೆ, ದುರ್ಬಲರು ಹೊರಗೆ. ಎರಡಕ್ಕೂ ಕನ್ನಡದಲ್ಲಿ ‘ಮೀಸಲು’ ಎಂಬ ಒಂದೇ ಪದ ಬಳಸಿದರೆ ಪ್ರಬಂಧ ದಾರಿ ತಪ್ಪುತ್ತದೆ.

ಸಂವಿಧಾನದಲ್ಲಿರುವುದು ಬೀದಿಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಸಿಗರೇಟು ಪೊಟ್ಟಣ ನೋಡಬೇಕು. ಧೂಮಪಾನ ಕೊಲ್ಲುತ್ತದೆ ಎಂಬ ಎಚ್ಚರಿಕೆ ಅದರ ಮೇಲೆ ಮೂರು ಸಲ ಇರುತ್ತದೆ: ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್. ಮೊದಲ ಎರಡು ಲ್ಯಾಟಿನ್ ಲಿಪಿಯಲ್ಲಿ ಅಕ್ಷರ ಬಿಡದಂತೆ ಒಂದೇ, ಮೂರನೆಯದು ಅದೇ ಪದಗಳು ಸಿರಿಲಿಕ್ ಲಿಪಿಯಲ್ಲಿ. ಇನ್ನೊಂದು ತುದಿಯಲ್ಲಿ ವಾಹನಗಳ ನಂಬರ್ ಪ್ಲೇಟು ಇದೆ. ಯುದ್ಧ ಮುಗಿದ ಹೊಸತರಲ್ಲಿ ಪ್ಲೇಟು ನೋಡಿದರೆ ಕಾರು ಯಾವ ಕಡೆಯದೆಂದು ತಿಳಿಯುತ್ತಿದ್ದುದರಿಂದ ಜನ ಘಟಕದ ಗಡಿ ದಾಟಲು ಅಂಜುತ್ತಿದ್ದರು. 1998ರಲ್ಲಿ, ಡೇಟನ್ ಒಪ್ಪಂದದ ಜಾರಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮುದಾಯದ ಉನ್ನತ ಪ್ರತಿನಿಧಿ ಹೊಸ ಪ್ಲೇಟು ತಂದರು: ಊರಿನ ಗುರುತಿಲ್ಲ, ಲ್ಯಾಟಿನ್ ಮತ್ತು ಸಿರಿಲಿಕ್ ಎರಡರಲ್ಲೂ ಒಂದೇ ರೂಪದ ಎ, ಇ, ಜೆ, ಕೆ, ಎಂ, ಓ, ಟಿ ಅಕ್ಷರಗಳು ಮಾತ್ರ. ಕಾರುಗಳು ಗಡಿ ದಾಟತೊಡಗಿದವು. ಇಷ್ಟು ಅಗ್ಗದ, ಇಷ್ಟು ಫಲಕೊಟ್ಟ ಸಮಾನತೆಯ ಕಾನೂನು ಇನ್ನೊಂದು ನನಗೆ ಗೊತ್ತಿಲ್ಲ. ರಾಷ್ಟ್ರಗೀತೆಗೂ ಇದೇ ಉಪಾಯ: ರಾಗ ಇದೆ, ಸಾಹಿತ್ಯ ಇಲ್ಲ. ಹೀಗೆ ಅಲ್ಲಿ ಸಮಾನತೆ ಎಂದರೆ ಮೂರು ಸಲ ಹೇಳುವುದು, ಇಲ್ಲವೇ ಏನನ್ನೂ ಹೇಳದಿರುವುದು. ಪೊಟ್ಟಣದ ಮೇಲೆ ರೋಮಾನಿ ಭಾಷೆಯ ನಾಲ್ಕನೆಯ ಸಾಲಿಗೆ ಜಾಗವಿಲ್ಲ.

ನಂಬರಿನ ವಿಷಯದಲ್ಲಿ ಒಂದು ದುರಂತವೂ ನಡೆದಿದೆ. ಯುಗೋಸ್ಲಾವ್ ಕಾಲದಿಂದಲೂ ಹುಟ್ಟಿದ ಪ್ರತಿ ಮಗುವಿಗೆ ಹದಿಮೂರು ಅಂಕಿಗಳ ಗುರುತಿನ ಸಂಖ್ಯೆ ಕೊಡುತ್ತಾರೆ. ಅದರಲ್ಲಿ ಎರಡು ಅಂಕಿ ಹುಟ್ಟಿದ ಪ್ರದೇಶದ್ದು. ಆ ಪ್ರದೇಶಗಳ ಗೆರೆಗಳು ಘಟಕಗಳ ಗಡಿಯನ್ನು ಅನುಸರಿಸಬೇಕೇ ಬೇಡವೇ ಎಂಬ ಜಗಳದಲ್ಲಿ ಕಾನೂನು ನಿಂತುಹೋಗಿ, 2013ರ ಫೆಬ್ರವರಿಯಿಂದ ಹುಟ್ಟಿದ ಕೂಸುಗಳಿಗೆ ಸಂಖ್ಯೆ ಸಿಗಲಿಲ್ಲ. ಸಂಖ್ಯೆ ಇಲ್ಲದೆ ಪಾಸ್‌ಪೋರ್ಟ್ ಇಲ್ಲ. ಹೊರದೇಶದಲ್ಲಿ ಚಿಕಿತ್ಸೆ ಬೇಕಾಗಿದ್ದ ಒಂದು ಹಸುಗೂಸಿನ ಸುದ್ದಿ ಹರಡಿದಾಗ ಜೂನ್‌ನಲ್ಲಿ ಸರಾಯೆವೊದ ಸಾವಿರಾರು ಜನ, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು, ಸಂಸತ್ ಭವನವನ್ನು ಸುತ್ತುವರಿದರು. ದಾಖಲೆ ಸಕಾಲಕ್ಕೆ ಸಿಗದ ಇನ್ನೊಂದು ಮಗು ತೀರಿಕೊಂಡಿತು. ಆ ಮಕ್ಕಳ ಜನಾಂಗ ಯಾವುದೆಂದು ಬೀದಿಗಿಳಿದವರು ಕೇಳಿರಲಿಲ್ಲ.

ಶಾಲೆಗಳ ಕಥೆಯನ್ನು ನೀವು ಓದಿರಬಹುದು. ಫೆಡರೇಷನ್‌ನ ಕೆಲವು ಕ್ಯಾಂಟನ್‌ಗಳಲ್ಲಿ ‘ಒಂದೇ ಸೂರಿನಡಿ ಎರಡು ಶಾಲೆ’ ಎಂಬ ಪದ್ಧತಿ ಇದೆ: ಕಟ್ಟಡ ಒಂದು, ಬೋಸ್ನಿಯಾಕ್ ಮಕ್ಕಳಿಗೂ ಕ್ರೊಯೇಟ್ ಮಕ್ಕಳಿಗೂ ಪಠ್ಯ ಬೇರೆ, ಶಿಕ್ಷಕರು ಬೇರೆ, ಕೆಲವೆಡೆ ಬಾಗಿಲೂ ಬೇರೆ. ನಿರಾಶ್ರಿತರು ಊರಿಗೆ ಮರಳಿದಾಗ ಮಕ್ಕಳು ಹೇಗೋ ಶಾಲೆ ಸೇರಲಿ ಎಂದು ಮಾಡಿದ ತಾತ್ಕಾಲಿಕ ಏರ್ಪಾಡು ಕಾಯಂ ಆಗಿ ಉಳಿಯಿತು. ಯಾಯ್ತ್ಸೆ ಪಟ್ಟಣದ ಪ್ರೌಢಶಾಲಾ ವಿದ್ಯಾರ್ಥಿಗಳು ತಮ್ಮನ್ನೂ ಹೀಗೆ ಬೇರ್ಪಡಿಸುವ ಯೋಜನೆಯನ್ನು 2016-17ರಲ್ಲಿ ಬೀದಿಗಿಳಿದು ವಿರೋಧಿಸಿದರು, ಯೋಜನೆಯನ್ನು ಕೈಬಿಡಲಾಯಿತು. ಕಾನೂನಿನ ಎರಡು ದಶಕದ ವಾದ ಮಾಡಲಾಗದ್ದನ್ನು ಹದಿಹರೆಯದವರು ಒಂದು ವರ್ಷದಲ್ಲಿ ಮಾಡಿದರು.

ಎಲ್ಲವೂ ಸೋಲೇ ಎಂದು ಬರೆಯಬೇಡಿ. ಸಮಾಜವಾದಿ ಕಾಲದಲ್ಲಿ ನಗರವಾಸಿಗಳ ಫ್ಲಾಟುಗಳು ಬಹುಪಾಲು ಸ್ವಂತದವಲ್ಲ, ದುಡಿಯುವ ಸಂಸ್ಥೆಯಿಂದ ಬಂದ ವಾಸದ ಹಕ್ಕಿನವು. ಯುದ್ಧದಲ್ಲಿ ಓಡಿಹೋದವರ ಫ್ಲಾಟುಗಳನ್ನು ಎಲ್ಲ ಕಡೆಯ ಆಡಳಿತಗಳೂ ‘ಬಿಟ್ಟುಹೋದ ಆಸ್ತಿ’ ಎಂದು ತಮ್ಮವರಿಗೆ ಹಂಚಿದ್ದವು. ಆ ವಾಸದ ಹಕ್ಕನ್ನೂ ಆಸ್ತಿಯೆಂದೇ ಪರಿಗಣಿಸಿ, ಸುಮಾರು ಎರಡು ಲಕ್ಷ ಅರ್ಜಿಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಇತ್ಯರ್ಥಪಡಿಸಿ, ಮನೆಗಳನ್ನು ಯುದ್ಧಪೂರ್ವದ ನಿವಾಸಿಗಳಿಗೆ ಹಿಂದಿರುಗಿಸಲಾಯಿತು. ಹಿಂದಿರುಗಿಸಿದ ಮನೆಗಳಿಗೆ ಎಲ್ಲರೂ ಹಿಂದಿರುಗಲಿಲ್ಲ, ಎಷ್ಟೋ ಜನ ಮಾರಿ ಹೋದರು, ಅದು ಬೇರೆ ಮಾತು. ಪಿಂಚಣಿಯಲ್ಲಿ ಮಾತ್ರ ಕಾನೂನು ಎಡವಿತು. ಯುದ್ಧಕ್ಕೆ ಮೊದಲು ಸರಾಯೆವೊದಲ್ಲಿ ನಿವೃತ್ತರಾಗಿ, ಯುದ್ಧದಲ್ಲಿ ಇನ್ನೊಂದು ಘಟಕಕ್ಕೆ ಹೋಗಿ, ಮತ್ತೆ ತಮ್ಮ ಮನೆಗೇ ಬಂದ ಮುದುಕರಿಗೆ ಆ ಇನ್ನೊಂದು ಘಟಕದ ಕಡಿಮೆ ಪಿಂಚಣಿಯೇ ಬರುತ್ತಿತ್ತು. ಅದೇ ಮೆಟ್ಟಿಲಿನ ಪಕ್ಕದ ಮನೆಯವರಿಗೆ ಫೆಡರೇಷನ್‌ನ ಹೆಚ್ಚಿನ ಪಿಂಚಣಿ. ಇದೂ ತಾರತಮ್ಯವೆಂದು ಸ್ಟ್ರಾಸ್‌ಬರ್ಗ್ 2011ರಲ್ಲಿ ಹೇಳಬೇಕಾಯಿತು.

ಹಾಗಾದರೆ 2009ರ ತೀರ್ಪು ಜಾರಿಯಾಗಲಿಲ್ಲವೇಕೆ? ಕ್ರೊಯೇಟ್ ಪಕ್ಷಗಳ ಒಂದು ದೂರು ನಡುವೆ ಬಂತು. ಫೆಡರೇಷನ್‌ನ ಯಾವ ಮತದಾರನಾದರೂ ಬೋಸ್ನಿಯಾಕ್ ಅಥವಾ ಕ್ರೊಯೇಟ್ ಸದಸ್ಯನಿಗೆ ಮತ ಹಾಕಬಹುದು. ಕ್ರೊಯೇಟ್ ಸ್ಥಾನಕ್ಕೆ 2006, 2010, 2018 ಮತ್ತು 2022ರಲ್ಲಿ ಗೆದ್ದ ಜೆಲ್ಕೊ ಕೋಮ್ಶಿಚ್ ಅವರನ್ನು ಆರಿಸಿದವರು ಹೆಚ್ಚಾಗಿ ಬೋಸ್ನಿಯಾಕರು, ಆದ್ದರಿಂದ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವಂತಾಗಬೇಕು ಎಂಬುದು ಆ ಪಕ್ಷಗಳ ವಾದ. ಸಂಖ್ಯೆಯಲ್ಲಿ ಚಿಕ್ಕ ಜನಾಂಗದ ಈ ಅಳುಕು ಸುಳ್ಳಲ್ಲ. ಆದರೆ ರೋಮಾಗಳಿಗೂ ಯೆಹೂದಿಗಳಿಗೂ ಬಾಗಿಲು ತೆರೆಯಲು ಆರಂಭವಾದ ಮಾತುಕತೆ ಮೂರು ಜನಾಂಗಗಳ ಗೋಡೆಯನ್ನು ಇನ್ನಷ್ಟು ಎತ್ತರಿಸುವ ಮಾತುಕತೆಯಾಗಿ ತಿರುಗಿತು. ತೀರ್ಪು ಪಾಲಿಸದೆ ಸದಸ್ಯತ್ವದ ಹಾದಿಯ ಸಹಯೋಗ ಒಪ್ಪಂದವಿಲ್ಲ ಎಂದು ಪಟ್ಟು ಹಿಡಿದಿದ್ದ ಯುರೋಪಿಯನ್ ಒಕ್ಕೂಟ ಕೊನೆಗೆ ತಾನೇ ಷರತ್ತು ಸಡಿಲಿಸಿತು. 2015ರಲ್ಲಿ ಒಪ್ಪಂದ ಜಾರಿಗೆ ಬಂತು, ತೀರ್ಪು ಬರಲಿಲ್ಲ.

ತಿದ್ದುಪಡಿಯ ವಿಧಾನವನ್ನೂ ನೋಡಿ. ಪ್ರತಿನಿಧಿಗಳ ಸದನದಲ್ಲಿ ಮೂರನೆಯ ಎರಡು ಭಾಗದ ಬಹುಮತ ಬೇಕು, ಜನಾಂಗಗಳ ಸದನವೂ ಒಪ್ಪಬೇಕು. ಅಂದರೆ ‘ಇತರರು’ ಕೂರಲು ಅವಕಾಶವಿಲ್ಲದ ಸದನವೇ ‘ಇತರರಿಗೆ’ ಕುರ್ಚಿ ಹಾಕಲು ಕೈ ಎತ್ತಬೇಕು. 2006ರ ಏಪ್ರಿಲ್ 26ರಂದು ಸುಧಾರಣೆಯ ಒಂದು ಮಸೂದೆ, ಅಧ್ಯಕ್ಷರನ್ನು ಸಂಸತ್ತೇ ಆರಿಸಬೇಕೆಂಬುದೂ ಸೇರಿ, ಪ್ರತಿನಿಧಿಗಳ ಸದನದ ಮುಂದೆ ಬಂದಿತ್ತು. ಬೇಕಿದ್ದದ್ದು 28 ಮತ, ಬಿದ್ದದ್ದು 26. ಇಷ್ಟು ವರ್ಷಗಳಲ್ಲಿ ಈ ಸಂವಿಧಾನಕ್ಕೆ ಆಗಿರುವ ತಿದ್ದುಪಡಿ ಒಂದೇ ಒಂದು. ಅದು ಬಂದದ್ದು ಫಿಂತ್ಸಿ, ಸೇಯ್ದಿಚ್ ಗೆದ್ದ 2009ರಲ್ಲೇ, ಆದರೆ ಮಾರ್ಚ್ ತಿಂಗಳಲ್ಲಿ, ಬ್ರ್ಚ್ಕೊ ಜಿಲ್ಲೆಯ ಸ್ಥಾನಮಾನದ ಬಗ್ಗೆ.